ಓಟಿಗಿಂತ ಮೊದಲು ಪಟ್ಟಿ

2022ರ ಅಕ್ಟೋಬರ್ 19ರಂದು ಕಾಂಗ್ರೆಸ್ ಅಧ್ಯಕ್ಷರ ಚುನಾವಣೆಯ ಫಲಿತಾಂಶ ಬಂದಾಗ ಬಾಗಲಕೋಟೆ ನವನಗರದ ಚಹಾದಂಗಡಿಗಳಲ್ಲಿ ಓಡಾಡಿದ್ದು ಒಂದೇ ಪ್ರಶ್ನೆ: “ನಮ್ಮ ಜಿಲ್ಲಾದಾಗ ತರೂರ್ ಅವರಿಗೆ ಎಷ್ಟ್ ಬಿದ್ದಾವ್ರೀ?”

ಮಲ್ಲಿಕಾರ್ಜುನ ಖರ್ಗೆಯವರಿಗೆ 7,897, ಶಶಿ ತರೂರ್ ಅವರಿಗೆ 1,072, ತಿರಸ್ಕೃತ 416. ಲೆಕ್ಕ ಇಷ್ಟೇ. ಜಿಲ್ಲೆಯ ಮಾತು ಹೋಗಲಿ, ರಾಜ್ಯವಾರು ಲೆಕ್ಕವೂ ಸಿಗುವಂತಿರಲಿಲ್ಲ. ಎಲ್ಲ ರಾಜ್ಯಗಳ ಪೆಟ್ಟಿಗೆಗಳನ್ನು ದೆಹಲಿಗೆ ತರಿಸಿ, ಚೀಟಿಗಳನ್ನು ಒಟ್ಟಿಗೆ ಸುರುವಿ ಕಲಸಿದ ಮೇಲೆಯೇ ಎಣಿಕೆ. ಬೇಕೆಂದೇ ಮಾಡಿದ ಏರ್ಪಾಡಿದು, ಒಳ್ಳೆಯದೂ ಹೌದು. ವಿಧಾನಸಭೆ ಚುನಾವಣೆಗೆ ಆಗ ಏಳು ತಿಂಗಳೂ ಉಳಿದಿರಲಿಲ್ಲ. ಬಿಡಿಬಿಡಿಯಾಗಿ ಎಣಿಸಿದ್ದರೆ ಟಿಕೆಟ್ ಹಂಚುವ ಹೊತ್ತಿಗೆ ಯಾರ್ಯಾರದೋ ಲೆಕ್ಕ ಚುಕ್ತಾ ಆಗುತ್ತಿತ್ತು.

ಮತದಾನ ನಡೆದದ್ದು 17ರಂದು. ಜಿಲ್ಲೆಗಳಲ್ಲಿ ಮತಗಟ್ಟೆ ಇರಲಿಲ್ಲ, ಓಟಿನ ಹಕ್ಕಿದ್ದ ಬಾಗಲಕೋಟೆಯ ಪಕ್ಷದ ಪ್ರತಿನಿಧಿಗಳೂ ಬೆಂಗಳೂರಿನ ಕೆಪಿಸಿಸಿ (ರಾಜ್ಯ ಕಾಂಗ್ರೆಸ್ ಸಮಿತಿ) ಕಚೇರಿಗೇ ಹೋಗಬೇಕಿತ್ತು. ಹಿಂದಿನ ಸಂಜೆ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ಸಾಕು; ಮತದಾನ ಬೆಳಗ್ಗೆ 10ರಿಂದ ಸಂಜೆ 4. ಬಳ್ಳಾರಿ ಬಳಿಯ ಸಂಗನಕಲ್ಲಿನ ಶಿಬಿರದಲ್ಲೂ ಒಂದು ಮತಗಟ್ಟೆ ಇತ್ತು, ಆದರೆ ಅದು ಭಾರತ್ ಜೋಡೋ ಯಾತ್ರೆಯಲ್ಲಿದ್ದ ಪ್ರತಿನಿಧಿಗಳಿಗಾಗಿ. ರಾಹುಲ್ ಗಾಂಧಿ ಅಲ್ಲೇ ಮತ ಹಾಕಿದರು.

ಒಳಗಿನ ಕೆಲಸ ಎರಡು ನಿಮಿಷದ್ದು. ಕ್ಯೂಆರ್ ಕೋಡ್ ಇರುವ ಗುರುತಿನ ಚೀಟಿ ತೋರಿಸು, ಮತಪತ್ರ ತಗೋ, ಮರೆಗೆ ಹೋಗಿ ಗುರುತು ಹಾಕು, ಮಡಚಿ ಪೆಟ್ಟಿಗೆಗೆ ಹಾಕು. ಮತಪತ್ರದಲ್ಲಿ ಎರಡೇ ಹೆಸರು: ಮೊದಲು ಖರ್ಗೆ, ಆಮೇಲೆ ತರೂರ್. ಬೇಕಾದವರ ಹೆಸರಿನ ಮುಂದೆ ‘1’ ಬರೆಯಿರಿ ಎಂದು ಮೊದಲು ಸೂಚನೆ ಹೊರಟಿತ್ತು. ಕ್ರಮಸಂಖ್ಯೆ 1 ಇರುವವರೇ ಖರ್ಗೆ, ಇದರಿಂದ ಗೊಂದಲವಾಗುತ್ತದೆ ಎಂದು ತರೂರ್ ಕಡೆಯವರು ತಕರಾರು ತೆಗೆದರು. ಪಕ್ಷದ ಚುನಾವಣಾ ಪ್ರಾಧಿಕಾರದ ಮಧುಸೂದನ್ ಮಿಸ್ತ್ರಿ ಒಪ್ಪಿ, ರೈಟ್ ಮಾರ್ಕ್ ಮಾತ್ರ ಹಾಕಬೇಕು, ಅಂಕಿ ಬರೆದರೆ ಮತ ಅಸಿಂಧು ಎಂದು ಬದಲಿಸಿದರು. ತಕರಾರು ನ್ಯಾಯದ್ದೇ. ಆದರೆ ವಿಧಾನ ಪರಿಷತ್ತಿನ ಚುನಾವಣೆಗಳಲ್ಲಿ 1, 2 ಎಂದು ಬರೆದು ಪಳಗಿದ ಕೈ ಕೊನೇ ಗಳಿಗೆಯ ಬದಲಾವಣೆಯನ್ನು ಕೇಳುತ್ತದೆಯೇ? ಬಿದ್ದ ಮತಗಳಲ್ಲಿ ನೂರಕ್ಕೆ ನಾಲ್ಕಕ್ಕೂ ಹೆಚ್ಚು ತಿರಸ್ಕೃತ. ಪಕ್ಷದಲ್ಲೇ ತಲೆ ನೆರೆಸಿಕೊಂಡವರ ಚುನಾವಣೆಯಲ್ಲಿ ಇದು ಸಣ್ಣದಲ್ಲ.

ಅಷ್ಟಾದರೂ ನಿಜವಾದ ಹಣಾಹಣಿ ಮತಗಟ್ಟೆಯದಲ್ಲ, ಮತದಾರರ ಪಟ್ಟಿಯದು. ಐದು ರೂಪಾಯಿ ಕೊಟ್ಟು ಸದಸ್ಯರಾದವರಿಗೆಲ್ಲ ಈ ಓಟಿರಲಿಲ್ಲ. ಪಕ್ಷದ ಕೆಳಹಂತದ ಘಟಕವಾದ ಬ್ಲಾಕಿಗೊಬ್ಬರಂತೆ ಆಯ್ಕೆಯಾದ ಪ್ರದೇಶ ಪ್ರತಿನಿಧಿಗಳೇ ಮುಖ್ಯ ಮತದಾರರಾಗಿದ್ದರು. ರಾಜ್ಯಕ್ಕೆ ಪಿಆರ್‌ಒ, ಜಿಲ್ಲೆಗೆ ಡಿಆರ್‌ಒ, ಬ್ಲಾಕಿಗೆ ಬಿಆರ್‌ಒ ಎಂದು ಚುನಾವಣಾಧಿಕಾರಿಗಳಿರುತ್ತಾರೆ. ಕಾಗದದ ಮೇಲೆ ಚುನಾವಣೆ. ನಡೆಯುವುದು ಬಹುಪಾಲು ‘ಸರ್ವಾನುಮತ’. ಇಬ್ಬರು ಪಟ್ಟು ಹಿಡಿದರೆ ಶಾಸಕರೋ ಹೋದ ಸಲ ಸೋತ ಅಭ್ಯರ್ಥಿಯೋ ಕೂರಿಸಿ ಮಾತಾಡಿಸುತ್ತಾರೆ, ಒಬ್ಬರಿಗೆ ಪ್ರತಿನಿಧಿ ಸ್ಥಾನ, ಇನ್ನೊಬ್ಬರಿಗೆ ಬೇರೇನೋ ಭರವಸೆ. ಹೀಗೆ ಪಟ್ಟಿ ಸೇರಿದವರು ಸೇರಿಸಿದವರ ಮುಖ ನೋಡದೆ ಮತ ಹಾಕುವುದು ಕಷ್ಟ, ಪೆಟ್ಟಿಗೆ ಎಷ್ಟೇ ಗುಟ್ಟಿನದಿರಲಿ.

ಹೊಂದಾಣಿಕೆ ಈ ಜಿಲ್ಲೆಗೆ ಹೊಸದೂ ಅಲ್ಲ. 1962ರಲ್ಲಿ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತಾಗ ಹುನಗುಂದದ ಎಸ್. ಆರ್. ಕಂಠಿಯವರು ಮಾರ್ಚ್‌ನಿಂದ ಜೂನ್‌ವರೆಗೆ ಮುಖ್ಯಮಂತ್ರಿಯಾಗಿದ್ದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಗೆದ್ದುಬಂದ ಮೇಲೆ ಕುರ್ಚಿ ಬಿಟ್ಟುಕೊಟ್ಟರು. ಅದೇ ನಿಜಲಿಂಗಪ್ಪನವರು 1968ರಲ್ಲಿ ಎಐಸಿಸಿ, ಅಂದರೆ ಅಖಿಲ ಭಾರತ ಕಾಂಗ್ರೆಸ್, ಅಧ್ಯಕ್ಷರಾದರು. ಅವರ ನಂತರ ಆ ಸ್ಥಾನಕ್ಕೇರಿದ ಕನ್ನಡಿಗರು ಖರ್ಗೆ.

2022ರಲ್ಲಿ ಪಟ್ಟಿಯನ್ನು ಬಹಿರಂಗ ಮಾಡಿ ಎಂದು ತರೂರ್ ಸೇರಿ ಐವರು ಸಂಸದರು ಮಿಸ್ತ್ರಿಯವರಿಗೆ ಪತ್ರ ಬರೆದಿದ್ದರು. ಪ್ರದೇಶ ಕಚೇರಿಯಲ್ಲಿ ನೋಡಬಹುದು, ಸ್ಪರ್ಧಿಸುವವರಿಗೆ ಕೊಡುತ್ತೇವೆ ಎಂಬ ಉತ್ತರ ಬಂತು. ಕೊಟ್ಟ ಪಟ್ಟಿಯಲ್ಲಿ ಎಷ್ಟೋ ಜನರ ಸಂಪರ್ಕ ವಿವರವೇ ಇಲ್ಲ ಎಂಬುದು ತರೂರ್ ಅವರ ದೂರು. ಹೆಸರಷ್ಟೇ ಹಿಡಿದು ಬಾದಾಮಿ, ಬೀಳಗಿಯ ಪ್ರತಿನಿಧಿಯನ್ನು ಹೊರರಾಜ್ಯದ ಅಭ್ಯರ್ಥಿ ಹುಡುಕುವುದಾದರೂ ಹೇಗೆ? ಜಿಲ್ಲಾ ಅಧ್ಯಕ್ಷರ ಮೊಬೈಲಿನಲ್ಲಿ ಅಷ್ಟೂ ನಂಬರುಗಳಿರುತ್ತವೆ, ಆದರೆ ಅವರು ಯಾರ ಪರ ಎಂಬುದು ಆ ಹೊತ್ತಿಗೆ ಎಲ್ಲರಿಗೂ ಗೊತ್ತಿರುತ್ತದೆ.