ನಾಲ್ಕನೇ ಜ್ವರ ಎದ್ದ ಮೇಲೆ

ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದಿತು ಅಂದರೆ ಮುಂದಿನ ಏಳೆಂಟು ದಿನ ನಮ್ಮ ಮನೆಯವರನ್ನು ಯಾರೂ ಯಾವುದಕ್ಕೂ ಕರೆಯುವುದಿಲ್ಲ. ಮದುವೆ ಇದ್ದರೆ ಒಬ್ಬರು ಹೋಗಿ, ಮುಯ್ಯಿ ಮಾಡಿ, ಊಟ ಮುಗಿಸಿ ಓಡಿ ಬರುತ್ತಾರೆ. ಶಿಡ್ಲಘಟ್ಟದ ಕಡೆಯ ನೆಂಟರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. "ಹುಳ ಎದ್ದಿದೆಯಾ? ಹಾಗಾದ್ರೆ ಹೊರಡಮ್ಮ" ಅಂತ ಅವರೇ ಕಳಿಸುತ್ತಾರೆ. ಅವರ ಮನೆಯಲ್ಲೂ ಹುಳ ಇರುತ್ತದಲ್ಲ.

ರೇಷ್ಮೆ ಸಾಕದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊಟ್ಟೆ ಒಡೆದು ಬಂದ ಹುಳ ಗೂಡು ಕಟ್ಟುವ ಹೊತ್ತಿಗೆ ಸುಮಾರು 25 ದಿನ ಆಗಿರುತ್ತದೆ. ಅಷ್ಟರಲ್ಲಿ ತೂಕ ಹತ್ತು ಸಾವಿರ ಪಟ್ಟು ಬೆಳೆದಿರುತ್ತದೆ. ನಡುವೆ ನಾಲ್ಕು ಸಲ ಪೊರೆ ಬಿಡುತ್ತದೆ, ಅದನ್ನೇ ನಾವು ಜ್ವರ ಅನ್ನುವುದು; ಪೊರೆ ಬಿಟ್ಟು ಮತ್ತೆ ಮೇಯಲು ಶುರು ಮಾಡಿದರೆ ಜ್ವರ ಎದ್ದಿತು ಅಂತ. ಅದು ತಿನ್ನುವ ಒಟ್ಟು ಹಿಪ್ಪುನೇರಳೆ ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗಿಂತ ಜಾಸ್ತಿ ತಿನ್ನುವುದು ಕೊನೆಯ ಜ್ವರ ಎದ್ದ ಮೇಲೆ. ಮೈಯೊಳಗೆ ರೇಷ್ಮೆ ತುಂಬುವುದೂ ಬಹುಪಾಲು ಆಗಲೇ. ಒಂದು ಚಿಟ್ಟೆ ಇಟ್ಟಿದ್ದನ್ನೆಲ್ಲ ಸೇರಿಸಿ ನಾವು ಒಂದು ಮೊಟ್ಟೆ ಅಂತ ಎಣಿಸುತ್ತೇವೆ, ಹಾಗಾಗಿ 100 ಮೊಟ್ಟೆ ಹುಳ ಅಂದರೆ ಹೆಚ್ಚುಕಡಿಮೆ 40 ಸಾವಿರ ಬಾಯಿ. ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು, ಹೀಗೆ ಮೂರು ಹೊತ್ತು ಕಡ್ಡಿ ಸೊಪ್ಪು ಹಾಕಬೇಕು. ಬಿಸಿಲು ಏರುವ ಮೊದಲೇ ಸೊಪ್ಪು ಕೊಯ್ದು ತಂದು ಒದ್ದೆ ಗೋಣಿತಾಟು ಮುಚ್ಚಿಡಬೇಕು. ಆ ಎಂಟು ದಿನ ಸೊಪ್ಪು ಕಡಿಮೆ ಬಿತ್ತು ಅಂದರೆ ಗೂಡು ತೆಳ್ಳಗೆ ಬರುತ್ತದೆ. ಮುಂಚೆ ಎಷ್ಟು ಚೆನ್ನಾಗಿ ಸಾಕಿದ್ದರೂ ಅಷ್ಟೇ.

ಹಾಗಂತ ಎಳೆ ಹುಳ ಸಸಾರ ಅಲ್ಲ. ಅದಕ್ಕೆ ಎಳೆ ಸೊಪ್ಪೇ ಬೇಕು, 27–28 ಡಿಗ್ರಿ ಶಾಖ ಬೇಕು, ಕೋಣೆಯಲ್ಲಿ ತೇವ ಬೇಕು. ನಮ್ಮತ್ತೆಯ ಕಾಲದಲ್ಲಿ ಅದನ್ನೂ ಮನೆಯಲ್ಲೇ ಮಾಡುತ್ತಿದ್ದರು. ಈಗ ಚಾಕಿ ಕೇಂದ್ರದವರು ಎರಡನೇ ಜ್ವರದವರೆಗೆ ಸಾಕಿ ಕೊಡುತ್ತಾರೆ. ಅವರದು ಅದೊಂದೇ ಕೆಲಸ, ನಮಗಿಂತ ಚೆನ್ನಾಗಿ ಮಾಡುತ್ತಾರೆ. ದುಡ್ಡು ಕೊಟ್ಟು ತರುವುದರಲ್ಲಿ ನನಗೆ ಯಾವ ಸಂಕೋಚವೂ ಇಲ್ಲ.

ಎಲ್ಲ ಕೆಲಸಕ್ಕೂ ಸಮನಾಗಿ ಸಮಯ ಹಂಚಬೇಕು, ಎಲ್ಲವನ್ನೂ ತೂಗಿಸಿಕೊಂಡು ಹೋಗಬೇಕು ಅಂತ ಹೆಣ್ಣುಮಕ್ಕಳಿಗೆ ಎಲ್ಲರೂ ಹೇಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಹುಳದ ಮನೆಯಲ್ಲಿ ಹಾಗೆ ಹಂಚಿದರೆ ಬೆಳೆ ಕೈಗೆ ಬರುವುದಿಲ್ಲ. ಕೆಲವು ದಿನಕ್ಕೆ ಮನೆಮಂದಿಯೆಲ್ಲ ಬೇಕು. ಕೆಲವು ದಿನಕ್ಕೆ ಕೈ ಕಟ್ಟಿ ಕೂತರೆ ಸಾಕು. ಜ್ವರದ ದಿನ ಹುಳ ತಲೆ ಎತ್ತಿ ಅಲುಗಾಡದೆ ನಿಂತಿರುತ್ತದೆ. ಆಗ ಸೊಪ್ಪು ಹಾಕುವ ಹಾಗಿಲ್ಲ. ಸುಣ್ಣದ ಪುಡಿ ಉದುರಿಸಿ, ಗಾಳಿ ಆಡಲು ಬಿಟ್ಟು ಸುಮ್ಮನಿರಬೇಕು. ಅಲ್ಲಲ್ಲಿ ನಾಲ್ಕು ಹುಳ ಎದ್ದವು ಅಂತ ಆತುರಪಟ್ಟು ಸೊಪ್ಪು ಹಾಕಿದರೆ ಎದ್ದವು ಮುಂದೆ ಹೋಗುತ್ತವೆ, ಏಳದವು ಹಿಂದೆ ಬೀಳುತ್ತವೆ. ಆಮೇಲೆ ಹಣ್ಣಾಗುವ, ಅಂದರೆ ಗೂಡು ಕಟ್ಟಲು ಸಿದ್ಧವಾಗುವ ಹೊತ್ತಿಗೆ ಪೂರ್ತಿ ಗೊಂದಲ.

ಈ ವರ್ಷ ಮಗಳು ಎಸ್ಸೆಸ್ಸೆಲ್ಸಿ. ನಮ್ಮ ಲೆಕ್ಕದ ಪ್ರಕಾರ ಹುಳ ತಂದರೆ ನಾಲ್ಕನೇ ಜ್ವರ ಏಳುವುದು ಸರಿಯಾಗಿ ಪರೀಕ್ಷೆಯ ವಾರಕ್ಕೇ ಬೀಳುತ್ತದೆ. ಅದಕ್ಕೆ ಮಾರ್ಚಿಯ ಬೆಳೆ ಬಿಡೋಣ ಅಂದೆ.

ನಮ್ಮ ಯಜಮಾನರು ಕೂಡಲೇ ಒಪ್ಪಲಿಲ್ಲ. ಅವರದೂ ತಪ್ಪಲ್ಲ. ತೋಟ ಕಟಾವಾದ ಮೇಲೆ 60–70 ದಿನಕ್ಕೆ ಸೊಪ್ಪು ಬಂದು ನಿಲ್ಲುತ್ತದೆ, ಅದು ನಮಗೋಸ್ಕರ ಕಾಯುವುದಿಲ್ಲ, ಬಲಿತರೆ ಹುಳಕ್ಕೆ ಬಾರದು. ಗೊಬ್ಬರದ ಸಾಲ, ಚೀಟಿ ಕಂತು, ಎಲ್ಲ ಗೂಡಿನ ದುಡ್ಡಿನ ಮೇಲೇ ನಿಂತಿದೆ. "ನೀನೇನು ಅವಳಿಗೆ ಲೆಕ್ಕ ಹೇಳಿಕೊಡ್ತೀಯಾ? ಹುಳದ ಮನೆ ಬೇರೆ ಇದೆ, ಅವಳ ಪಾಡಿಗೆ ಅವಳು ಓದಿಕೊಳ್ಳಲಿ" ಅಂದರು.

ಲೆಕ್ಕ ನನಗೆ ಬರುವುದಿಲ್ಲ, ನಿಜ. ಆದರೆ "ಅವಳ ಪಾಡಿಗೆ ಅವಳು" ಅನ್ನುವುದು ಹುಳ ಇರುವ ಮನೆಯಲ್ಲಿ ಆಗದ ಮಾತು. ರಾತ್ರಿ ಹತ್ತರ ಸೊಪ್ಪಿಗೆ ಅವಳು ಕರೆಯದೇ ಬರುತ್ತಾಳೆ. ಹುಳ ಹಣ್ಣಾದ ದಿನವಂತೂ ಕೇಳಲೇಬೇಡಿ. ಮೈ ಪಾರದರ್ಶಕವಾಗಿ, ಮೇವು ಬಿಟ್ಟು, ತಲೆ ಎತ್ತಿ ಆಡಿಸುವ ಹುಳಗಳನ್ನು ಹೊತ್ತು ಮೀರುವ ಮೊದಲು ಆರಿಸಿ, ಗೂಡು ಕಟ್ಟಲು ಇಡುವ ಚಂದ್ರಿಕೆ ತಟ್ಟೆಗೆ ಬಿಡಬೇಕು. ತಡವಾದರೆ ಎಳೆಯನ್ನು ಸೊಪ್ಪಿನ ಮೇಲೇ ಬಿಟ್ಟು ಹಾಳು ಮಾಡುತ್ತವೆ. ಅಕ್ಕಪಕ್ಕದವರು ಮುಯ್ಯಾಳಿಗೆ ಬಂದರೂ ಕೈ ಸಾಲುವುದಿಲ್ಲ. ನನ್ನ ಮಗಳ ಕೈ ನಮ್ಮೆಲ್ಲರಿಗಿಂತ ಚುರುಕು. ಅಮ್ಮ, ಅಪ್ಪ, ಅಜ್ಜಿ ಮೂವರೂ ಬಗ್ಗಿ ಆರಿಸುತ್ತಿರುವಾಗ ಆ ಹುಡುಗಿ ಒಳಗೆ ಕೂತು ತ್ರಿಕೋನಮಿತಿ ಓದುತ್ತಾಳಾ? ಓದುವುದಿಲ್ಲ. ನಾನು ಬೇಡ ಅಂದರೂ ಎದ್ದು ಬರುತ್ತಾಳೆ. ಅವಳು ಬರದೇ ಇರಬೇಕಾದರೆ ಮನೆಯಲ್ಲಿ ಹುಳವೇ ಇರಬಾರದು.

ಇದನ್ನೇ ಯಜಮಾನರಿಗೆ ಹೇಳಿದೆ. ಆಗ ಅತ್ತೆ ಬಾಯಿ ಹಾಕಿದರು. "ಮಾರ್ಚಿ ಬಿಸಿಲಲ್ಲಿ ದೊಡ್ಡ ಹುಳ ಹೇಗೂ ಸೊರಗುತ್ತೆ ಕಣಪ್ಪ. ಗೋಣಿತಾಟು ನೆನೆಸಿ ನೆನೆಸಿ ನನ್ನ ಕೈಯೇ ಬಿದ್ದುಹೋಗುತ್ತೆ. ಬಿಡು ಈ ಸಲ" ಅಂದರು. ದೊಡ್ಡ ಹುಳಕ್ಕೆ 25 ಡಿಗ್ರಿ ಮೀರಬಾರದು. ನಮ್ಮದು ಶೀಟಿನ ಮನೆ. ಮಾತು ಅಲ್ಲಿಗೆ ಮುಗಿಯಿತು. ಮೊಮ್ಮಗಳ ಹೆಸರು ಹೇಳದೆ ಬಿಸಿಲಿನ ನೆಪ ಹೇಳಿ ಮಗನನ್ನು ಒಪ್ಪಿಸಿದ ಅತ್ತೆಯ ಬಗ್ಗೆ ನನಗೆ ಎಷ್ಟು ಪ್ರೀತಿ ಬಂತು ಅಂತ ಇಲ್ಲಿ ಬರೆಯದೇ ಇರಲಾರೆ.

ಬೆಳೆ ಬಿಟ್ಟ ಮೇಲೆ ಮಿಕ್ಕಿದ್ದನ್ನು ಬಿಡುವುದು ಕಷ್ಟವಾಗಲಿಲ್ಲ. ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕವನ್ನು ಪಕ್ಕದ ಬೀದಿಯ ಹುಡುಗಿಗೆ ಒಪ್ಪಿಸಿದೆ, ಅವಳು ಪಿಯುಸಿ ಓದಿದವಳು. ರವಿಕೆ ಹೊಲಿಯಲು ತಂದವರಿಗೆ ಏಪ್ರಿಲ್‌ವರೆಗೆ ಆಗಲ್ಲ ಅಂದೆ. ಒಬ್ಬಿಬ್ಬರು ಮುಖ ಸಣ್ಣ ಮಾಡಿದರು. ಮಾಡಲಿ. ಅವರಿಗೆ ಬೇರೆ ಟೈಲರ್ ಸಿಗುತ್ತಾರೆ, ನನ್ನ ಮಗಳಿಗೆ ಬೇರೆ ಅಮ್ಮ ಇಲ್ಲ.

ನಾನು ಮಾಡುವುದು ದೊಡ್ಡದೇನಲ್ಲ. ಬೆಳಗಿನ ಜಾವ ಅವಳ ಜೊತೆ ಎದ್ದು ಕಾಫಿ ಕಾಯಿಸುತ್ತೇನೆ. ಸಮಾಜ ವಿಜ್ಞಾನದ ಪಾಠವನ್ನು ಅವಳು ಜೋರಾಗಿ ಓದುತ್ತಾಳೆ, ಪುಸ್ತಕ ಮುಚ್ಚಿ ನನಗೆ ವಿವರಿಸುತ್ತಾಳೆ. ಅರ್ಥವಾಗದ ಕಡೆ ನಾನು ಪ್ರಶ್ನೆ ಕೇಳುತ್ತೇನೆ. ಉತ್ತರ ಬಾರದಿದ್ದರೆ ಮತ್ತೆ ಓದುತ್ತಾಳೆ. ಗಣಿತಕ್ಕೆ ಶಾಲೆಯ ಮೇಷ್ಟ್ರು ಸಂಜೆ ವಿಶೇಷ ತರಗತಿ ಮಾಡುತ್ತಿದ್ದಾರೆ. ಬಿಡುವುದು ತಡವಾಗುತ್ತದೆ, ಕರೆದುಕೊಂಡು ಬರುವುದು ಯಜಮಾನರ ಪಾಲು. ಮೊದಲು ಬೇಡ ಅಂದವರೇ ಈಗ ತರಗತಿ ಬಿಡುವ ಮುಂಚೆಯೇ ಹೋಗಿ ಗೇಟಿನಲ್ಲಿ ನಿಂತಿರುತ್ತಾರಂತೆ.

ಸೊಪ್ಪನ್ನು ಹಿಂದಿನ ಮನೆಯವರು ಕೊಂಡುಕೊಳ್ಳುತ್ತೇವೆ ಅಂದಿದ್ದಾರೆ. ಅವರ ತೋಟಕ್ಕೆ ಈ ಸಲ ನೀರು ಸಾಲಲಿಲ್ಲ. ಗೂಡಿನಷ್ಟು ದುಡ್ಡು ಬರುವುದಿಲ್ಲ, ಚೀಟಿ ಕಂತಿಗೆ ಆಗುತ್ತದೆ. ಕಟಾವಾದ ಕೂಡಲೇ ಕೊಟ್ಟಿಗೆ ಗೊಬ್ಬರ ಹಾಕಿಸಿ ನೀರು ಬಿಡಬೇಕು. ಚಾಕಿ ಕೇಂದ್ರದವರಿಗೂ ಫೋನ್ ಮಾಡಿ ಹೇಳಿದ್ದೇನೆ, ನಮಗೆ ಇನ್ನು ಹುಳ ಬೇಕಾಗುವುದು ಪರೀಕ್ಷೆ ಎಲ್ಲ ಮುಗಿದ ಮೇಲೆ, ಹೊಸ ಸೊಪ್ಪು ಬಂದಾಗ.