ವಾಲಿಯ ಪರವಾಗಿ ಯಾರು ಮಾತಾಡ್ತೀರಿ?

ನೆನಪಿನ ಲೇಖನ ಕೊಡಿ ಅಂತ ಸಂಪಾದಕರು ಕೇಳಿದಾಗ ಹಾಸ್ಟೆಲ್ಲಿನ ಸಾರು, ಕ್ಯಾಂಟೀನಿನ ಸಾಲ, ಕಾಲೇಜು ಚುನಾವಣೆಯ ಗಲಾಟೆ ಇವನ್ನೆಲ್ಲ ಬರೆಯುವುದು ಬೇಡ ಅನ್ನಿಸಿತು. ಅದನ್ನು ನನಗಿಂತ ಚೆನ್ನಾಗಿ ಬರೆಯುವವರು ನಮ್ಮ ಬ್ಯಾಚಿನಲ್ಲೇ ಇದ್ದಾರೆ. ನಾನು ಬರೆಯುವುದು ಒಂದು ಅಧ್ಯಾಯದ ಬಗ್ಗೆ. ಅಂತಿಮ ಬಿ.ಎ. ರಾಜ್ಯಶಾಸ್ತ್ರದಲ್ಲಿ ಅಂತರರಾಷ್ಟ್ರೀಯ ಕಾನೂನಿನ ಇತಿಹಾಸ ಅಂತ ಇತ್ತು. ಗೈಡಿನಲ್ಲಿ ನಾಲ್ಕೇ ಪುಟ. ನಮ್ಮ ಮೇಷ್ಟ್ರು ಅದನ್ನು 1998ರ ಮಳೆಗಾಲ ಪೂರ್ತಿ ಎಳೆದರು.

ಪರೀಕ್ಷೆಗೆ ಬರುತ್ತಿದ್ದ ಪ್ರಶ್ನೆ ಒಂದೇ. ಅಂತರರಾಷ್ಟ್ರೀಯ ಕಾನೂನಿನ ಪಿತಾಮಹ ಯಾರು? ಉತ್ತರ: ಹ್ಯೂಗೊ ಗ್ರೋಷಿಯಸ್. ಎರಡು ಅಂಕ. "ಎರಡು ಅಂಕಕ್ಕೆ ಅವನ ಹೆಸರು ಬರೀರಿ. ಈ ಕೂಸಿಗೆ ಎಷ್ಟು ಜನ ಅಪ್ಪಂದಿರು ಅನ್ನೋದನ್ನ ನಾವು ಆಮೇಲೆ ನೋಡೋಣ" ಅಂದರು ಮೇಷ್ಟ್ರು.

ಅವರು ಕೊಪ್ಪದ ಕಡೆಯವರು. ತಾಳಮದ್ದಲೆಯಲ್ಲಿ, ಅಂದರೆ ವೇಷ ಕಟ್ಟದೆ ಕೂತು ಪಾತ್ರಗಳ ಪರವಾಗಿ ಮಾತಿನಲ್ಲೇ ವಾದ ಮಾಡುವ ಯಕ್ಷಗಾನದಲ್ಲಿ, ಅರ್ಥ ಹೇಳುತ್ತಿದ್ದರು. ಶನಿವಾರ ರಾತ್ರಿ ಯಾರದೋ ಮನೆ ಜಗಲಿಯಲ್ಲಿ ಪ್ರಸಂಗ ಮುಗಿಸಿ, ಸೋಮವಾರ ಚಿಕ್ಕಮಗಳೂರಿಗೆ ಬಂದು ಒದ್ದೆ ಕೊಡೆಯನ್ನು ಕಪ್ಪುಹಲಗೆಯ ಪಕ್ಕ ಒರಗಿಸುತ್ತಿದ್ದರು. ಗಂಟಲು ಕಟ್ಟಿರುತ್ತಿತ್ತು. ತರಗತಿಯೂ ತಾಳಮದ್ದಲೆಯೇ. ಒಂದು ಪಕ್ಷ ನಿನಗೆ, ಇನ್ನೊಂದು ಅವನಿಗೆ. ಯಾರಿಗೆ ಯಾವ ಪಕ್ಷ ಇಷ್ಟವಿಲ್ಲವೋ ಅದನ್ನೇ ಹುಡುಕಿ ಕೊಡುತ್ತಿದ್ದರು.

ಮೊದಲ ವಾರ ವಾಲಿವಧೆ. "ವಾಲಿಯ ಪರವಾಗಿ ಯಾರು ಮಾತಾಡ್ತೀರಿ?" ಅಂದರು. ಯಾರೂ ಕೈ ಎತ್ತಲಿಲ್ಲ. ನನ್ನ ಕಡೆ ಬೆರಳು ತೋರಿಸಿದರು. ನಾನೂ ಮಲೆನಾಡಿನವನೇ, ಆ ಪ್ರಸಂಗ ಕೇಳಿಕೊಂಡೇ ಬೆಳೆದವನು. ನಿನಗೂ ನನಗೂ ಏನು ದ್ವೇಷ, ಇನ್ನೊಬ್ಬನ ಜೊತೆ ಕಾದುತ್ತಿದ್ದವನಿಗೆ ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ ಅಂತ ಸಲೀಸಾಗಿ ಕೇಳಿದೆ. ರಾಮನ ಪಕ್ಷದವನು ಉತ್ತರ ಕೊಟ್ಟ. ಈ ನೆಲ ಇಕ್ಷ್ವಾಕುಗಳದ್ದು, ತಪ್ಪಿತಸ್ಥರನ್ನು ಶಿಕ್ಷಿಸುವ ಅಧಿಕಾರ ನಮಗಿದೆ. ನೀನು ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ. ಅದೂ ಅಲ್ಲದೆ ನೀನು ಕಪಿ. ಮೃಗವನ್ನು ಮರೆಯಲ್ಲಿ ನಿಂತು ಹೊಡೆದರೆ ತಪ್ಪೇನು?

ಮೇಷ್ಟ್ರು ಹಲಗೆಯ ಮೇಲೆ ಮೂರು ಸಾಲು ಬರೆದರು. ಅಧಿಕಾರ ಇದೆ. ಕಾರಣ ಇದೆ. ನಿಯಮ ನಿನಗಲ್ಲ. "ಮೊದಲ ಎರಡು ಉತ್ತರ ಎಲ್ಲ ಕಾಲದಲ್ಲೂ ಎಲ್ಲ ರಾಜರೂ ಕೊಟ್ಟಿದ್ದಾರೆ. ಮೂರನೆಯದರ ಮೇಲೆ ಕಣ್ಣಿಟ್ಟಿರಿ. ಅದು ವೇಷ ಬದಲಾಯಿಸಿಕೊಂಡು ಬರುತ್ತಲೇ ಇರುತ್ತೆ" ಅಂದರು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, ಸಾರ್, ನೀವು ರಾಮನನ್ನು ಬೈತಾ ಇದೀರಿ ಅಂದ. "ನಾನಲ್ಲಪ್ಪ, ಕೇಳಿದ್ದು ವಾಲಿ. ಅವನ ಬಾಯಲ್ಲಿ ಕೇಳಿಸಿದ್ದು ವಾಲ್ಮೀಕಿ."

ಆಮೇಲೆ ರೋಮ್. ಅಲ್ಲಿ ಯುದ್ಧ ಸಾರುವುದಕ್ಕೇ ಪುರೋಹಿತರಿದ್ದರು. ಮೊದಲು ಹೋಗಿ ನಮಗಾದ ಅನ್ಯಾಯ ಸರಿಪಡಿಸಿ ಅಂತ ಕೇಳಬೇಕು, ಗಡುವು ಕೊಡಬೇಕು, ಆಗಲಿಲ್ಲ ಅಂದರೆ ಶತ್ರುವಿನ ನೆಲಕ್ಕೆ ಈಟಿ ಎಸೆಯಬೇಕು. ಸಮುದ್ರದಾಚೆಯ ಪಿರ್ರಸ್ ರಾಜನ ಮೇಲೆ ಯುದ್ಧ ಬಂದಾಗ ಅಷ್ಟು ದೂರ ಹೋಗಿ ಎಸೆಯುವುದು ಹೇಗೆ? ಸೆರೆಸಿಕ್ಕ ಅವನ ಸೈನಿಕನೊಬ್ಬನ ಹೆಸರಿನಲ್ಲಿ ರೋಮಿನಲ್ಲೇ ಒಂದು ತುಂಡು ಜಾಗ ಕೊಡಿಸಿ, ಅದೇ ಶತ್ರುದೇಶ ಅಂದುಕೊಂಡು ಈಟಿ ಎಸೆದರಂತೆ. ತರಗತಿ ಬಿದ್ದು ಬಿದ್ದು ನಕ್ಕಿತು. ಕ್ರೈಸ್ತ ಚಿಂತಕರಾದ ಅಗಸ್ಟೀನ್, ಅಕ್ವಿನಾಸ್ ಇಬ್ಬರೂ ಒಂದೇ ದಿನದಲ್ಲಿ ಮುಗಿದರು. ಅರಸನ ಅಪ್ಪಣೆ, ನ್ಯಾಯವಾದ ಕಾರಣ, ಒಳ್ಳೆಯ ಉದ್ದೇಶ, ಈ ಮೂರಿದ್ದರೆ ಯುದ್ಧ ಧರ್ಮಯುದ್ಧ ಅನ್ನುವುದು ಅಕ್ವಿನಾಸನ ಲೆಕ್ಕ.

ಮೇಷ್ಟ್ರಿಗೆ ನಿಜವಾಗಿ ಇಷ್ಟವಿದ್ದದ್ದು ಫ್ರಾನ್ಸಿಸ್ಕೊ ವಿಟೋರಿಯಾ. ಸ್ಪೇನಿನ ಸಲಮಾಂಕಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಪಾದ್ರಿ. ದಕ್ಷಿಣ ಅಮೆರಿಕಕ್ಕೆ ದಂಡೆತ್ತಿ ಹೋದ ಸ್ಪೇನಿನ ಪಿಸಾರೋನ ಪಡೆ ಪೆರುವಿನ ದೊರೆ ಅಟಹುವಾಲ್ಪನನ್ನು 1533ರಲ್ಲಿ ಕೊಂದಿತ್ತು. ಅಲ್ಲಿಯ ಸುದ್ದಿ ನೆನೆದರೆ ರಕ್ತ ಹೆಪ್ಪುಗಟ್ಟುತ್ತದೆ ಅಂತ ವಿಟೋರಿಯಾ ಮರುವರ್ಷ ಕಾಗದ ಬರೆದ. 1539ರಲ್ಲಿ ತುಂಬಿದ ಸಭೆಯಲ್ಲಿ ಉಪನ್ಯಾಸ ಕೊಟ್ಟ. ಆ ನೆಲದ ನಿಜವಾದ ಒಡೆಯರು ಅಲ್ಲಿಯ ಜನರೇ. ಪೋಪ್ ಜಗತ್ತಿನ ದೊರೆಯಲ್ಲ, ಚಕ್ರವರ್ತಿಯೂ ಅಲ್ಲ. ಅವರು ನಮ್ಮ ಧರ್ಮ ಒಪ್ಪಲಿಲ್ಲ ಅನ್ನುವುದು ಯುದ್ಧಕ್ಕೆ ಕಾರಣವಾಗದು. ಇದನ್ನು ಹೇಳಿದ್ದು ಆ ಚಕ್ರವರ್ತಿಯ ರಾಜ್ಯದಲ್ಲೇ ಕೂತು! ಅದೇ ವರ್ಷದ ನವೆಂಬರಿನಲ್ಲಿ ಐದನೆಯ ಚಾರ್ಲ್ಸ್, ಇಂಥ ಮಾತು ನಿಲ್ಲಿಸಿ ಅಂತ ಮಠದ ಮುಖ್ಯಸ್ಥರಿಗೆ ಪತ್ರ ಬರೆದ.

ಇನ್ನೊಂದು ಸಂಗತಿ ಹೇಳುವಾಗ ಮೇಷ್ಟ್ರು ನಮ್ಮ ಖಾಲಿ ನೋಟ್‌ಬುಕ್ಕುಗಳ ಕಡೆ ನೋಡಿದರು. ಈ ಉಪನ್ಯಾಸಗಳನ್ನು ವಿಟೋರಿಯಾ ಅಚ್ಚು ಹಾಕಿಸಲೇ ಇಲ್ಲ. ಅವನು 1546ರಲ್ಲಿ ತೀರಿಕೊಂಡ. ಅವು ಪುಸ್ತಕವಾದದ್ದು 1557ರಲ್ಲಿ, ವಿದ್ಯಾರ್ಥಿಗಳು ಬರೆದುಕೊಂಡಿದ್ದ ನೋಟ್ಸಿನಿಂದ. ಆ ದಿನದಿಂದ ಹುಡುಗಿಯರ ಸಾಲಿನಲ್ಲಿ ನೋಟ್ಸ್ ಬರೆಯುವುದು ಜಾಸ್ತಿಯಾಯಿತು. ನಮ್ಮ ಸಾಲಿನಲ್ಲಿ ಅಷ್ಟೇನೂ ಇಲ್ಲ.

ಆದರೆ ಅವನನ್ನೂ ಮೇಷ್ಟ್ರು ಸುಮ್ನೆ ಬಿಡಲಿಲ್ಲ. ಅದೇ ಉಪನ್ಯಾಸದ ಕೊನೆಯ ಭಾಗದಲ್ಲಿ ವಿಟೋರಿಯಾ ಹಿಂದಿನ ಬಾಗಿಲು ತೆರೆದಿಟ್ಟಿದ್ದಾನೆ. ಯಾವ ದೇಶಕ್ಕಾದರೂ ಹೋಗಿ ಬರುವ, ವ್ಯಾಪಾರ ಮಾಡುವ ಹಕ್ಕು ಎಲ್ಲರಿಗೂ ಇದೆ, ಅದನ್ನು ತಡೆದರೆ ಯುದ್ಧ ಮಾಡಬಹುದು ಅಂದ. ಅಂದಮೇಲೆ ಸ್ಪೇನಿನವರು ಹಡಗಿನಲ್ಲಿ ಬಂದು ವ್ಯಾಪಾರ ಅಂದರೆ ಸಾಕಲ್ಲ? ಮೈಸೂರಿನಲ್ಲಿ 1905ರಲ್ಲಿ ಶಾಮಶಾಸ್ತ್ರಿಗಳು ಪತ್ತೆ ಮಾಡಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಆಗ ಎಳೆದು ತಂದರು. ಶರಣಾದರೆ ಸಾಕು ಅನ್ನುವವನು ಧರ್ಮವಿಜಯಿ, ನೆಲ ಮತ್ತು ಹಣ ಕೇಳುವವನು ಲೋಭವಿಜಯಿ, ಹೆಂಡತಿ, ಮಕ್ಕಳು, ಪ್ರಾಣವನ್ನೂ ಕಸಿಯುವವನು ಅಸುರವಿಜಯಿ. ಪಿಸಾರೋ ಯಾವ ವರ್ಗ ಅಂತ ಕೇಳಿದರು. ಅದಕ್ಕೆ ವಾದವೇ ಬೇಕಾಗಲಿಲ್ಲ.

ಗ್ರೋಷಿಯಸ್ ಬಂದದ್ದು ಆಗಸ್ಟಿನಲ್ಲಿ. ಅವನ ಕಥೆಗೆ ನಮ್ಮೂರಿನ ವಾಸನೆ ಇದೆ. ನಮ್ಮ ತೋಟದ ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿನಂಥ ಸಾಮಾನಿಗಾಗಿಯೇ ಪೋರ್ಚುಗೀಸರೂ ಡಚ್ಚರೂ ಕಡಲಿನಲ್ಲಿ ಹೊಡೆದಾಡುತ್ತಿದ್ದರು. 1603ರಲ್ಲಿ ಡಚ್ಚರು ಸಿಂಗಪುರದ ಹತ್ತಿರ ಸಾಂತಾ ಕತರಿನಾ ಅನ್ನುವ ಪೋರ್ಚುಗೀಸ್ ಹಡಗನ್ನು ಹಿಡಿದರು. ಅದರ ಸರಕಿಗೆ ಅಪಾರ ಬೆಲೆ. ಇದು ಕಳ್ಳತನ ಅಲ್ಲ ಅಂತ ವಾದಿಸಲು ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಒಬ್ಬ ವಕೀಲ ಬೇಕಿತ್ತು. ಇಪ್ಪತ್ತು ದಾಟಿದ ಹುಡುಗ ಗ್ರೋಷಿಯಸ್ ಸಿಕ್ಕಿದ. ಅವನು ಬರೆದ ವಾದದ ಒಂದು ಅಧ್ಯಾಯವೇ 1609ರಲ್ಲಿ ಹೆಸರಿಲ್ಲದೆ ಅಚ್ಚಾದ 'ಮಾರೆ ಲಿಬರಮ್'. ಸಮುದ್ರ ಯಾರ ಸ್ವತ್ತೂ ಅಲ್ಲ, ಪೂರ್ವದ ದೇಶಗಳಿಗೆ ಅವುಗಳದೇ ರಾಜರಿದ್ದಾರೆ, ಪೋರ್ಚುಗೀಸರಿಗೆ ಅಲ್ಲಿ ಯಾವ ಯಜಮಾನಿಕೆಯೂ ಇಲ್ಲ ಅನ್ನುವುದು ಅದರ ತಿರುಳು. ನಮ್ಮ ರಾಜರನ್ನು ಇಷ್ಟು ಗೌರವದಿಂದ ಕಂಡದ್ದು ಕಂಪನಿಯ ಕೇಸಿಗಾಗಿ, ಗೊತ್ತಿರಲಿ.

ಮುಂದಿನದು ನನಗೆ ಅಚ್ಚುಮೆಚ್ಚು. 1613ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷರಿಗೂ ಡಚ್ಚರಿಗೂ ಮಾತುಕತೆ. ಸಾಂಬಾರ ದ್ವೀಪಗಳಲ್ಲಿ ಡಚ್ಚರು ಬೇರೆಯವರನ್ನು ಬಿಡುತ್ತಿರಲಿಲ್ಲ. ಇಂಗ್ಲಿಷರು ಮಾರೆ ಲಿಬರಮ್ ತೆಗೆದು ಓದಿದರು. ಎದುರಿಗೆ ಡಚ್ಚರ ಪರವಾಗಿ ಕೂತಿದ್ದವನು ಗ್ರೋಷಿಯಸ್ಸೇ! ಆ ದ್ವೀಪಗಳ ಜನರ ಜೊತೆ ನಮಗೆ ಕರಾರು ಇದೆ, ಕರಾರು ಮುರಿಯಬಾರದು ಅಂತ ಅವನು ಜಾರಿಕೊಂಡ. ಆ ಕರಾರಿನ ಹೆಸರಿನಲ್ಲೇ ಡಚ್ಚರು 1621ರಲ್ಲಿ ಬಾಂಡಾ ದ್ವೀಪಗಳ ಜನರನ್ನು ಕೊಂದು, ಹೊರದೂಡಿ, ಜಾಯಿಕಾಯಿ ತೋಟಗಳನ್ನು ವಶ ಮಾಡಿಕೊಂಡರು. ಅದೇ ವರ್ಷ ಗ್ರೋಷಿಯಸ್ ತನ್ನ ದೇಶದ ಸೆರೆಮನೆಯಿಂದ ಪುಸ್ತಕದ ಪೆಟ್ಟಿಗೆಯೊಳಗೆ ಅಡಗಿ ಪಾರಾದ. ಉಪಾಯ ಹೆಂಡತಿ ಮರಿಯಾಳದ್ದು. 1625ರಲ್ಲಿ ಪ್ಯಾರಿಸಿನಲ್ಲಿ ಯುದ್ಧ ಮತ್ತು ಶಾಂತಿಯ ಕಾನೂನಿನ ದೊಡ್ಡ ಪುಸ್ತಕ ಬಂತು. ಪಿತಾಮಹ ಅನ್ನಿಸಿಕೊಂಡದ್ದು ಅದರಿಂದ.

ಅವನಿಗಿಂತ ಮುಂಚೆ, 1598ರಲ್ಲೇ, ಆಕ್ಸ್‌ಫರ್ಡಿನಲ್ಲಿದ್ದ ಇಟಲಿಯ ಜೆಂಟಿಲಿ ಯುದ್ಧದ ಕಾನೂನಿನ ಪುಸ್ತಕ ಬರೆದಿದ್ದ. ಎರಡೂ ಕಡೆಯವರೂ ತಮ್ಮದೇ ಸರಿ ಅಂತ ಪ್ರಾಮಾಣಿಕವಾಗಿ ನಂಬಬಹುದು ಅಂದವನು ಅವನು. ಹಾಗಾದರೆ ಯಾರು ಸರಿ ಅನ್ನುವ ಪ್ರಶ್ನೆ ಬಗೆಹರಿಯುವ ತನಕ ಕಾಯುವ ಹಾಗಿಲ್ಲ, ಹೇಗೆ ನಡೆದುಕೊಳ್ಳಬೇಕು ಅನ್ನುವುದನ್ನು ಇಬ್ಬರಿಗೂ ಒಂದೇ ಸಮ ಹೇಳಬೇಕು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಎಲ್ಲರಿಗಿಂತ ಕಡಿಮೆ ಹೆಸರು ಸಿಕ್ಕಿದ್ದು ಅವನಿಗೇ.

ಹಳೇಬೀಡಿಗೆ ಹೋದದ್ದು, ಇಬ್ಬರಿಗೂ ಒಂದೇ ಆದ ಇಂಥ ನಿಯಮ ಮುರಿದರೆ ಏನಾಗುತ್ತೆ ಅಂತ ನೋಡುವುದಕ್ಕೇ. ಬಸ್ಸು ಬೇಲೂರು ದಾಟುವಾಗ ಮೇಷ್ಟ್ರು ಹಲ್ಮಿಡಿ ಶಾಸನದ ಬಗ್ಗೆ ಹೇಳಿದರು. ಕನ್ನಡದ ಅಷ್ಟು ಹಳೆಯ ಬರಹವೂ ಯುದ್ಧದಲ್ಲಿ ಕೈ ತೋರಿಸಿದವನಿಗೆ ಊರು ಬಿಟ್ಟುಕೊಟ್ಟ ವಿಷಯವೇ. ಹೊಯ್ಸಳೇಶ್ವರದಲ್ಲಿ ಗೈಡು ಮದನಿಕೆಯರ ಒಡವೆ ತೋರಿಸುತ್ತಿದ್ದರೆ ಇವರು ನಮ್ಮನ್ನು ಚಕ್ರವ್ಯೂಹದ ಕೆತ್ತನೆಯ ಮುಂದೆ ನಿಲ್ಲಿಸಿಕೊಂಡರು. ಸುತ್ತು ಸುತ್ತಾಗಿ ನಿಂತ ಸೈನ್ಯ. ಒಂದೊಂದು ತಲೆಯೂ ಬೆರಳಿನ ತುದಿಯಷ್ಟು. ಮಳೆಯಲ್ಲಿ ಕಲ್ಲು ಕಪ್ಪಗೆ ಹೊಳೆಯುತ್ತಿತ್ತು. ಸುತ್ತುಗಳ ಜಾಡು ಹಿಡಿದು ಹೊರಕ್ಕೆ ಬರುವ ದಾರಿ ಹುಡುಕಿದೆ, ಸಿಗಲಿಲ್ಲ.

"ಯುದ್ಧಕ್ಕೆ ಮುಂಚೆ ಎರಡೂ ಕಡೆಯವರು ಒಪ್ಪಂದ ಮಾಡಿಕೊಂಡಿದ್ದರು" ಅಂದರು ಮೇಷ್ಟ್ರು. ರಥದವನು ರಥದವನ ಜೊತೆಗೇ ಕಾದಬೇಕು. ಆಯುಧ ಕಳೆದುಕೊಂಡವನನ್ನು, ಓಡುವವನನ್ನು ಹೊಡೆಯಬಾರದು. ಭೇರಿ, ಶಂಖ ಊದುವವರನ್ನು ಮುಟ್ಟಬಾರದು. ಅಭಿಮನ್ಯುವಿನ ವಿಷಯದಲ್ಲಿ ಅದು ಮುರಿಯಿತು. ಕರ್ಣನ ರಥದ ಚಕ್ರ ಹೂತಾಗ ಅವನು ಧರ್ಮ ನೆನಪಿಸಿದ. ಅಭಿಮನ್ಯುವನ್ನು ಕೊಂದಾಗ ನಿನ್ನ ಧರ್ಮ ಎಲ್ಲಿತ್ತು ಅಂತ ಕೃಷ್ಣ ಕೇಳಿದ. ನೀನು ಮುರಿದೆ, ಆದ್ದರಿಂದ ನಾನೂ ಮುರಿಯುತ್ತೇನೆ. ಸಾವಿರಾರು ವರ್ಷ ಯುದ್ಧದ ಕಾನೂನು ನಿಂತಿದ್ದು ಈ ಕೊಡುಕೊಳ್ಳುವ ಲೆಕ್ಕದ ಮೇಲೆ. 1949ರ ಜಿನೀವಾ ಒಪ್ಪಂದಗಳು ಆ ಲೆಕ್ಕ ಬೇಡ ಅಂದವು. ಗಾಯಾಳು, ಯುದ್ಧಕೈದಿ, ತಮ್ಮ ಕೈಗೆ ಸಿಕ್ಕ ನಾಗರಿಕ, ಇವರ ಮೇಲೆ ಸೇಡು ತೀರಿಸಿಕೊಳ್ಳುವ ಹಾಗಿಲ್ಲ. ಎದುರಾಳಿ ಏನೇ ಮಾಡಿರಲಿ, ಎಂಥ ಸಂದರ್ಭವೇ ಇರಲಿ. ಇದು ಕೃಷ್ಣನ ಮಾತಿಗೆ ಉತ್ತರ ಅಲ್ವಾ ಅಂತ ಒಬ್ಬಳು ಕೇಳಿದಳು. ಮೇಷ್ಟ್ರು ಅವಳನ್ನು ಮುಂದಿನ ವಾರ ಕೃಷ್ಣನ ಪಕ್ಷಕ್ಕೆ ಹಾಕಿದರು.

ಮೂರನೆಯ ಉತ್ತರ ನೇರವಾಗಿ ನಮ್ಮ ದೇಶಕ್ಕೇ ಬಂದದ್ದು 1899ರಲ್ಲಿ. ಇಟಲಿಯ ಸೊಲ್ಫೆರಿನೋದ ರಣರಂಗ ಕಂಡು ರೆಡ್ ಕ್ರಾಸ್ ಹುಟ್ಟಿಗೆ ಕಾರಣನಾದ ಡ್ಯೂನಾಂಟ್, 1864ರ ಮೊದಲ ಜಿನೀವಾ ಒಪ್ಪಂದ, ಇವೆಲ್ಲ ಆಗಿ ಯೂರೋಪಿನವರು ಹೇಗ್ ನಗರದಲ್ಲಿ ಸೇರಿದ್ದರು. ಮೈಯೊಳಗೆ ಹೊಕ್ಕ ಮೇಲೆ ಅರಳಿ ದೊಡ್ಡ ಗಾಯ ಮಾಡುವ ಗುಂಡನ್ನು ನಿಷೇಧಿಸೋಣ ಅಂತ ಮಾತು ಬಂತು. ಆ ಗುಂಡಿಗೆ ಹೆಸರು ಬಂದದ್ದು ಕಲ್ಕತ್ತೆ ಹತ್ತಿರದ ಡಂಡಂ ಕಾರ್ಖಾನೆಯಿಂದ. ಬ್ರಿಟನ್ನಿನ ಪ್ರತಿನಿಧಿ ಒಪ್ಪಲಿಲ್ಲ. ನಾಗರಿಕ ಸೈನಿಕ ಗುಂಡು ತಗುಲಿದರೆ ಆಸ್ಪತ್ರೆ ಕಡೆ ಹೋಗುತ್ತಾನೆ, ಅನಾಗರಿಕ ಹಾಗಲ್ಲ, ಎರಡು ಮೂರು ಗುಂಡು ಬಿದ್ದರೂ ಮುನ್ನುಗ್ಗುತ್ತಾನೆ ಅನ್ನುವುದು ಅವನ ವಾದ. ಮೇಷ್ಟ್ರು ಏನೂ ಹೇಳಲಿಲ್ಲ. ಹಲಗೆಯ ಮೇಲೆ ಮತ್ತೆ "ನಿಯಮ ನಿನಗಲ್ಲ" ಅಂತ ಬರೆದರು. ಬ್ರಿಟನ್ ಈ ನಿಷೇಧವನ್ನು ಒಪ್ಪಿಕೊಂಡದ್ದು 1907ರಲ್ಲಿ.

ಎರಡನೆಯ ಮಹಾಯುದ್ಧದಲ್ಲಿ ಸೋತ ಜಪಾನಿನ ನಾಯಕರ ಮೇಲೆ ನಡೆದ ಟೋಕಿಯೋ ವಿಚಾರಣೆಯಲ್ಲಿ ಭಾರತದ ನ್ಯಾಯಾಧೀಶ ರಾಧಾಬಿನೋದ್ ಪಾಲ್ 1948ರಲ್ಲಿ ಬರೆದ ಭಿನ್ನ ತೀರ್ಪಿಗೂ ಸುಮಾರು ದಿನ ಹೋಯಿತು. ಗೆದ್ದವನು ಸೋತವನಿಗೆ ಹಿಂದಿನ ದಿನಾಂಕದ ಕಾನೂನು ಹಾಕುವಂತಿಲ್ಲ ಅಂದರು ಅವರು. ಅದರ ಬಗ್ಗೆ ಬರೆಯಲು ಹೊರಟರೆ ಈ ಸಂಚಿಕೆ ಸಾಲದು.

ನಿಜವಾದ ಜಗಳ ಆದದ್ದು ಪೋಖ್ರಾಣ್ ಬಗ್ಗೆ. ಮೇ ತಿಂಗಳಲ್ಲಿ ಪರೀಕ್ಷೆ ನಡೆದಿತ್ತು, ಊರಲ್ಲೆಲ್ಲ ಸಿಹಿ ಹಂಚಿದ್ದರು. ಮೇಷ್ಟ್ರು ಎರಡು ಸಂಗತಿ ಮುಂದಿಟ್ಟರು. ಅಣ್ವಸ್ತ್ರ ಬಳಸುವುದು, ಪ್ರತೀಕಾರಕ್ಕಾಗಿಯಾದರೂ, ಕಾನೂನಿಗೆ ವಿರುದ್ಧ ಅಂತ 1995ರಲ್ಲಿ ಹೇಗಿನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಲಿಖಿತವಾಗಿ ಹೇಳಿದ್ದು ಭಾರತವೇ. 1996ರ ಜುಲೈ 8ರಂದು ನ್ಯಾಯಾಲಯ ಅಭಿಪ್ರಾಯ ಕೊಟ್ಟಿತು. ಸಾಮಾನ್ಯವಾಗಿ ಇದು ಯುದ್ಧದ ಕಾನೂನಿಗೆ ವಿರುದ್ಧ, ಆದರೆ ಒಂದು ದೇಶದ ಉಳಿವೇ ಪಣಕ್ಕೆ ಬಿದ್ದಾಗ ಆತ್ಮರಕ್ಷಣೆಗೆ ಬಳಸುವುದು ಸರಿಯೋ ತಪ್ಪೋ ಖಚಿತವಾಗಿ ಹೇಳಲಾರೆವು. ಏಳು ಜನ ಈ ಕಡೆ, ಏಳು ಜನ ಆ ಕಡೆ. ಅಧ್ಯಕ್ಷರ ಮತದಿಂದ ಇತ್ಯರ್ಥ. ಎಲ್ಲ ಸಂದರ್ಭದಲ್ಲೂ ತಪ್ಪು ಅಂತ ಬರೆದ ಶ್ರೀಲಂಕಾದ ನ್ಯಾಯಮೂರ್ತಿ ವೀರಮಂತ್ರಿ ರಾಮಾಯಣವನ್ನೇ ಎತ್ತಿದ್ದರು. ಆಯುಧ ಹಿಡಿಯದವರನ್ನೂ ಸೇರಿಸಿ ಇಡೀ ಕುಲವನ್ನು ಸುಡುವ ಅಸ್ತ್ರ ಬೇಡ ಅಂತ ರಾಮ ಲಕ್ಷ್ಮಣನನ್ನು ತಡೆದ ಸಂದರ್ಭ. "ನೋಡಿ, ವಾಲಿಗೆ ಬಾಣ ಬಿಟ್ಟ ರಾಮನೇ ಇವನು. ಈ ಸಲ ಶತ್ರುವಿಗೂ ನಿಯಮ ಇದೆ ಅಂದ" ಅಂತ ಮೇಷ್ಟ್ರು ಮೇಜು ಕುಟ್ಟಿದರು.

ಬಾಂಬಿನ ವಿರುದ್ಧ ವಾದಿಸುವ ಪಕ್ಷ ನನಗೆ ಬಂತು. ಸಿಹಿ ಹಂಚಿದವರಲ್ಲಿ ನಾನೂ ಒಬ್ಬ, ಅದು ಅವರಿಗೆ ಗೊತ್ತಿತ್ತು. ಎದುರು ಪಕ್ಷದವನು ಉಳಿವು ಅನ್ನುವ ಆ ಒಂದು ವಾಕ್ಯ ಹಿಡಿದುಕೊಂಡು ನನ್ನನ್ನು ಆಡಿಸಿಬಿಟ್ಟ. ಬೆಲ್ ಹೊಡೆದರೂ ಯಾರೂ ಏಳಲಿಲ್ಲ, ಮುಂದಿನ ಪಿರಿಯಡ್ಡಿನವರು ಬಾಗಿಲಲ್ಲಿ ನಿಂತು ಬೈದರು.

ಮೇಷ್ಟ್ರು ನಿವೃತ್ತರಾಗಿ ಊರಲ್ಲಿದ್ದಾರೆ. ಆ ವಾಕ್ಯದಲ್ಲಿ ನ್ಯಾಯಾಲಯ ಜಾರಿಕೊಂಡಿತು, ಉಳಿವಿನ ಹೆಸರಿನಲ್ಲಿ ಮೂರನೆಯ ಉತ್ತರವನ್ನೇ ಒಳಗೆ ಬಿಟ್ಟಿತು ಅನ್ನುವುದು ಅವರ ವಾದ. ನ್ಯಾಯಾಧೀಶರು ಎರಡು ಹೋಳಾಗಿದ್ದಾಗ ಗೊತ್ತಿಲ್ಲ ಅನ್ನುವುದೇ ಪ್ರಾಮಾಣಿಕ ಅನ್ನುವುದು ನನ್ನದು. ಹೋದ ತಿಂಗಳು ಫೋನಿನಲ್ಲೂ ಅದೇ ಜಗಳ ಆಯಿತು. ಈ ಸಲ ಪಕ್ಷ ಬದಲಾಯಿಸಿಕೊಳ್ಳೋಣ ಅಂದರು. ನಾನು ಒಪ್ಪಿಲ್ಲ.