ಕರಡಿ ಹಿಂಪಡೆಯಿರಿ

ಸಂಜೆ ಆರಕ್ಕೆ ಸರಿಯಾಗಿ ಟ್ವೀಟು ಹಾಕಬೇಕು, ಒಂದು ನಿಮಿಷ ಮುಂಚೆಯೂ ಕೂಡದು ಎಂದು ಗುಂಪಿನ ಅಡ್ಮಿನ್ ಮೂರು ಸಲ ಎಚ್ಚರಿಸಿದ್ದರು. ಟ್ವಿಟರ್‌ನ (2023ರಿಂದ ಎಕ್ಸ್ ಅನ್ನಬೇಕು, ನನ್ನ ಬಾಯಿಗೆ ಬರುವುದಿಲ್ಲ) ಟ್ರೆಂಡಿಂಗ್ ಪಟ್ಟಿಯ ಗುಟ್ಟೇ ಅದು. ಒಟ್ಟು ಎಷ್ಟು ಮಂದಿ ಬರೆದರು ಅನ್ನುವುದಕ್ಕಿಂತ ಎಷ್ಟು ದಿಢೀರನೆ ಬರೆದರು ಅನ್ನುವುದಕ್ಕೆ ಅಲ್ಲಿ ಬೆಲೆ ಜಾಸ್ತಿ. ದಿನವಿಡೀ ತೊಟ್ಟಿಕ್ಕಿದರೆ ಯಾರಿಗೂ ಕಾಣುವುದಿಲ್ಲ, ಒಮ್ಮೆಲೇ ಸುರಿಯಬೇಕು.

ನಮ್ಮ ಸಿಟ್ಟು ಒಂದು ಮಸೂದೆಯ ಕರಡಿನ ಮೇಲೆ. ಯಾವ ಮಸೂದೆ ಎಂದು ಹೇಳಿದರೆ ಮಾತು ಅತ್ತ ಹೊರಳುತ್ತದೆ, ಬಿಡಿ. ಗುಂಪಿನಲ್ಲಿ ಒಂದು ಹಾಳೆ ಹಂಚಿದ್ದರು. ಅದರಲ್ಲಿ ಸಿದ್ಧ ಟ್ವೀಟುಗಳು, ನಾವು ಎತ್ತಿ ಅಂಟಿಸಿದರೆ ಸಾಕು. ನನಗೆ ಬರುವ ಹೊತ್ತಿಗೆ ಆ ವಾಟ್ಸಾಪ್ ಸಂದೇಶದ ತಲೆಯ ಮೇಲೆ ಎರಡು ಬಾಣದ ಗುರುತು ಬಿದ್ದಿತ್ತು, ಅಂದರೆ ಅದು ಆಗಲೇ ಬಹಳ ಕೈ ದಾಟಿ ಬಂದಿತ್ತು. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗಷ್ಟೇ ದಾಟಿಸಲು ಸಾಧ್ಯ. ಹಠ ಹಿಡಿದು ಹನ್ನೊಂದು ಮಂದಿಗೆ ಒಬ್ಬೊಬ್ಬರಾಗಿ ಕಳಿಸಿದೆ. ಅಷ್ಟು ಹೊತ್ತಿನಲ್ಲಿ ಕರಡನ್ನೇ ಓದಬಹುದಿತ್ತು ಎಂದು ಆಗ ಹೊಳೆಯಲಿಲ್ಲ.

ಆರಕ್ಕೆ ಹಾಳೆಯ ಏಳನೆಯ ಸಾಲನ್ನು ಅಂಟಿಸಿದೆ. ಆರೂ ಇಪ್ಪತ್ತಕ್ಕೆ ನಾವು ಪಟ್ಟಿಯಲ್ಲಿ ಇದ್ದೆವು! ಗುಂಪಿನಲ್ಲಿ ಚಪ್ಪಾಳೆಯ ಮಳೆ. ಯಾರೋ 2011ರಲ್ಲಿ ಈಜಿಪ್ಟಿನ ಜನ ಸರ್ಕಾರದ ವಿರುದ್ಧ ನೆರೆದಿದ್ದ ಕೈರೋದ ತಹ್ರೀರ್ ಚೌಕವನ್ನೂ ಎಳೆತಂದರು. ನಾನೂ ಒಂದು ಮುಷ್ಟಿಯ ಚಿತ್ರ ಒತ್ತಿ, ಕುರ್ಚಿಗೆ ಒರಗಿ ಕೂತೆ.

ಆಗ ಚಿಕ್ಕಪ್ಪನ ಮಗಳಿಂದ ಮೆಸೇಜು: "ಅಣ್ಣಾ, ಯಾವ ಕರಡಿ?"

ನನ್ನ ಟ್ವೀಟನ್ನು ಮತ್ತೆ ನೋಡಿಕೊಂಡೆ. "ಜನವಿರೋಧಿ ಕರಡಿ ಹಿಂಪಡೆಯಿರಿ." ಹಾಳೆ ಟೈಪ್ ಮಾಡಿದವರ ಬೆರಳು ಒಂದು ಕೊಂಬಿನ ಬದಲು ಗುಡಿಸು ಕೊಟ್ಟುಬಿಟ್ಟಿತ್ತು. ಏಳನೆಯ ಸಾಲು ಆರಿಸಿಕೊಂಡವರೆಲ್ಲ ಕರಡಿಯ ಬೆನ್ನು ಹತ್ತಿದ್ದೆವು. ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಅನ್ನುವುದನ್ನು ಕೇಳಿದ್ದೆ, ಬಿಟ್ಟವನು ನಾನೇ ಆಗುತ್ತೇನೆಂದು ಅಂದುಕೊಂಡಿರಲಿಲ್ಲ. ಎದುರು ಪಾಳೆಯದವರು ಅದೇ ಹ್ಯಾಶ್‌ಟ್ಯಾಗ್ ಹಾಕಿ ಕರಡಿಯ ಚಿತ್ರಗಳನ್ನು ಸುರಿಯತೊಡಗಿದರು. ತಮಾಷೆಯೆಂದರೆ ಹ್ಯಾಶ್‌ಟ್ಯಾಗಿಗೆ ಹೊಗಳಿಕೆ ತೆಗಳಿಕೆಯ ಭೇದವಿಲ್ಲ, ನಾವು ಇನ್ನೂ ಮೇಲೆ ಹೋದೆವು. ಅಡ್ಮಿನ್ ಬಹಳ ಖುಷಿಯಲ್ಲಿದ್ದರು.

ಕರಡಿಯ ನಗೆಯನ್ನು ಹೇಗೋ ನುಂಗಿಕೊಂಡೆ. ಚುಚ್ಚಿದ್ದು ಬೇರೆ. ಅಪರಿಚಿತರೊಬ್ಬರು ಕುಹಕವಿಲ್ಲದೆ, ನನ್ನ ಟ್ವೀಟಿನ ಕೆಳಗೆ ಒಂದೇ ಸಾಲು ಕೇಳಿದ್ದರು: "ತಮ್ಮ ಆಕ್ಷೇಪ ಯಾವ ಕಲಮಿಗೆ?"

ಉತ್ತರ ಗೊತ್ತಿರಲಿಲ್ಲ. ಗುಂಪಿನಲ್ಲಿ ಕೇಳಿದೆ. "ಎಲ್ಲಾ ಕಲಮಿಗೂ ಸರ್" ಎಂದು ಒಬ್ಬರು ನಗುಮುಖ ಹಾಕಿದರು.

ರಾತ್ರಿ ಊಟ ಮುಗಿಸಿ ಕರಡನ್ನು ಇಳಿಸಿಕೊಂಡೆ. 18 ಪುಟ. ಕಾನೂನಿನ ಭಾಷೆ, ಒಂದೊಂದು ವಾಕ್ಯವೂ ಬಾಲ ಸಿಗದ ಹಾವು. ನನ್ನ ಟ್ವೀಟಿನಲ್ಲಿ ಎರಡು ಆರೋಪಗಳಿದ್ದವು. ಮೊದಲನೆಯದು ಕರಡಿನಲ್ಲಿ ಎಲ್ಲೂ ಇರಲಿಲ್ಲ. ಎರಡನೆಯದು ಇತ್ತು, ಹನ್ನೊಂದನೆಯ ಕಲಮಿನ ಒಂದು ಉಪಕಲಮಿನಲ್ಲಿ ಮುದುರಿ ಕೂತಿತ್ತು, ನಾವು ಕೂಗಿದ್ದಕ್ಕಿಂತ ಕೆಟ್ಟದಾಗಿ. ಕೊನೆಯ ಪುಟದಲ್ಲಿ ಸಾರ್ವಜನಿಕರ ಆಕ್ಷೇಪ ಕಳಿಸಲು ಒಂದು ಇಮೇಲ್ ವಿಳಾಸ, ಕೊನೆಯ ದಿನಾಂಕ. ನಮ್ಮ ಹಾಳೆಯಲ್ಲಿ ಆ ವಿಳಾಸವೇ ಇರಲಿಲ್ಲ.

ತಹ್ರೀರ್ ಮತ್ತೆ ನೆನಪಾಯಿತು. ಅಲ್ಲಿ ಜನವರಿ 25ಕ್ಕೆ ಬನ್ನಿ ಎಂದು ಕರೆಯಲು ಫೇಸ್‌ಬುಕ್ ಒದಗಿದ್ದು ನಿಜ. ಆದರೆ 28ಕ್ಕೆ ಸರ್ಕಾರ ಇಂಟರ್ನೆಟ್ಟನ್ನೇ ಕಡಿದುಹಾಕಿತು, ಅವತ್ತೂ ಜನ ಬೀದಿಗಿಳಿದಿದ್ದರು. ನನ್ನ ವೈಫೈ ಕಡಿದಿದ್ದರೆ ನಾನು ಬೇಗ ಮಲಗುತ್ತಿದ್ದೆ, ಅಷ್ಟೆ.

ಆಕ್ಷೇಪ ಬರೆಯಲು ಎರಡು ಗಂಟೆ ಹಿಡಿಯಿತು. ಕಳಿಸಿದ ಮೇಲೆ, ಆ ಅಪರಿಚಿತರಿಗೂ ಕಲಮಿನ ಸಂಖ್ಯೆ ತಿಳಿಸಿದೆ. ಕರಡಿಯನ್ನು ಅಳಿಸಲಿಲ್ಲ, ತಂಗಿಗೆ ಅದರ ಮೇಲೆ ಪ್ರೀತಿ ಬಂದುಬಿಟ್ಟಿದೆ.

ಮರುದಿನ ಅಡ್ಮಿನ್ ಹೊಸ ಹಾಳೆ ಕಳಿಸಿದರು, ಬೇರೆ ವಿಷಯ. "ಸರ್, ಈ ಸಲ ಕಾಗುಣಿತ ನೀವೇ ನೋಡಿಕೊಡಿ" ಎಂದು ಒಕ್ಕಣೆ. ಮೂಲ ಆದೇಶದ ಪ್ರತಿ ಇದ್ದರೆ ಮೊದಲು ಅದನ್ನು ಕಳಿಸಿ ಅಂದೆ. ನೀಲಿ ಟಿಕ್ ಬಿತ್ತು. ಪ್ರತಿ ಇನ್ನೂ ಬಂದಿಲ್ಲ.